ಇಬ್ಬರಿಗೂ ಅಕ್ಕಾ ಎಂದವನು

ಸೇಲಂ ದಾರಿಯ ಆ ಸಬ್ಬಕ್ಕಿ ಮಿಲ್ಲಿಗೆ ಪಳನಿಯಪ್ಪನ್ ಮಾಲೀಕ. ಆದರೆ ಒಣಗಿಸುವ ಕಣದಲ್ಲಿ ನಡೆಯುತ್ತಿದ್ದುದು ಮಾದಮ್ಮನ ಮಾತು. ಹಸಿ ಸಬ್ಬಕ್ಕಿಯನ್ನು ಬಿಸಿಲಿಗೆ ಹರಡುವುದು, ಮೋಡ ಕಂಡರೆ ಬಾಚುವುದು, ಎಲ್ಲ ಅವಳು ಹೇಳಿದಂತೆ. ಅವಳ ಜೋಡಿ ಪೂಂಗೊಡಿ. ಮಾದಮ್ಮನ ಮನೆಮಾತು ಕನ್ನಡ, ಪೂಂಗೊಡಿಯ ತವರಿನ ಮಾತು ತಮಿಳು; ಕೆಲಸದಲ್ಲಿ ಮಾತ್ರ ಇಬ್ಬರ ಮಾತೂ ತಮಿಳು. ಊಟದಲ್ಲಿ ಮಾದಮ್ಮನ ಹುರುಳಿ ಸಾರು ಪೂಂಗೊಡಿಯ ತಟ್ಟೆಗೆ, ಪೂಂಗೊಡಿಯ ಒಣಮೀನಿನ ಸಾರು, ಅವಳ ಮಾತಲ್ಲಿ ಕುಳಂಬು, ಮಾದಮ್ಮನ ತಟ್ಟೆಗೆ. ಜಗಳವಾಡಿದವರು ಮಾತ್ರ ಆ ಕಣದಲ್ಲಿ ಸಾರು ಹಂಚಿಕೊಳ್ಳುತ್ತಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಬಂದ ನೋಡಿ ಮಾಧವ, ಹೊಸ ಸೂಪರ್‌ವೈಸರ್. ಸೇಲಂ ಪೇಟೆಯ ಕನ್ನಡದವನು. ಅಬ್ಬಾ, ಅವನ ನಗುವೇ! ಎಲ್ಲರಿಗೂ 'ಅಕ್ಕಾ', ಮಾಲೀಕನಿಗೆ ದಿನಾ ನಮಸ್ಕಾರ. ಕಣ ತನ್ನ ಮುಷ್ಟಿಯಲ್ಲಿರಬೇಕು ಎಂಬುದೊಂದೇ ಅವನ ಆಸೆ. ಈ ಇಬ್ಬರು ಒಂದಾಗಿರುವವರೆಗೆ ಅದು ಆಗುವ ಮಾತಲ್ಲ.

ತಿಂಗಳೊಳಗೆ ಮಾದಮ್ಮನ ಲೆಕ್ಕದ ಸಬ್ಬಕ್ಕಿ ಮೂಟೆಯೊಂದರಲ್ಲಿ ಮಣ್ಣು ಸಿಕ್ಕಿತು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ಹೋಗು ಎಂದುಬಿಟ್ಟ ಮಾಲೀಕ. ಹನ್ನೆರಡು ವರ್ಷ ಆ ಕಣದಲ್ಲೇ ಬೆವರು ಸುರಿಸಿದವಳು, ಎಲ್ಲಿಗೆ ಹೋಗುತ್ತಾಳೆ? ಮಾಧವನೇ ಬಂದು ಸಮಾಧಾನ ಹೇಳಿದ: "ಇದು ಪೂಂಗೊಡಿ ಕೆಲಸ ಅಕ್ಕಾ. ನಿಮ್ಮ ಜಾಗದ ಮೇಲೆ ಅವಳ ಕಣ್ಣು. ಸದ್ಯಕ್ಕೆ ಬಾಯಿ ಬಿಡಬೇಡಿ."

ಮಾದಮ್ಮ ನಂಬಿದಳು. ಸಾರು ಹಂಚುವುದು ನಿಂತಿತು. ವಿಚಿತ್ರವೆಂದರೆ ಪೂಂಗೊಡಿಯೂ ಅಂದಿನಿಂದಲೇ ಮುಖ ತಿರುಗಿಸಿದಳು. ಮಾದಮ್ಮನಿಗೆ ತನ್ನ ಕೈಯ ಸಾರೇ ರುಚಿಸದಾಯಿತು.

ಒಂದು ಮಧ್ಯಾಹ್ನ ಇಬ್ಬರೂ ಬೆನ್ನು ತಿರುಗಿಸಿ ಉಣ್ಣುತ್ತಿದ್ದರು. ಮಾಧವ ನಡುವೆ ನಿಂತು ಗಟ್ಟಿಯಾಗಿ ಕನ್ನಡದಲ್ಲೇ ಅಂದ: "ನೋಡಿ ಅಕ್ಕಾ, ಮಣ್ಣು ಹಾಕಿದವಳು ಹೆಂಗೆ ತಿಂತಾ ಇದ್ದಾಳೆ!"

ಪೂಂಗೊಡಿ ಮೇಚೇರಿ ಊರಿನ ಕನ್ನಡದವರ ಬೀದಿಗೆ ಸೊಸೆಯಾಗಿ ಬಂದು ಕನ್ನಡ ಕಲಿತವಳು. ಪೇಟೆಯವನಿಗೆ ಅದೇನು ಗೊತ್ತು, ಪಾಪ! ಅವಳು ತಟ್ಟೆ ಕುಕ್ಕಿ ಎದ್ದಳು.

"ಯಾರ್ಲಾ ಮಣ್ಣು ಆಕಿದ್ದು? ಕಣ ಗುಡ್ಸಿದ್ದನ್ನ ಮೂಲೆ ಮೂಟೇಗೆ ತುಂಬು, ಕೋಳಿ ತೀನಿಗೆ ಓಗ್ತೈತೆ ಅಂತ ನಂಗೇಳಿದ್ದು ನೀನೇ ಅಲ್ವೇನ್ಲಾ? ಮಾದಮ್ಮ ನನ್ನ ಕಳ್ಳಿ ಅಂದ್ಳು ಅಂತ ಏಳಿದ್ದೂ ನೀನೇ!"

ಮಾದಮ್ಮ ಅವಳತ್ತ ತಿರುಗಿದಳು. "ನಾನಾ? ನಿನ್ನ ಕಳ್ಳಿ ಅಂದ್ನಾ?"

ಆ ಮೂಟೆಯನ್ನು ಮಾದಮ್ಮನ ಮೂಟೆಗಳ ಜೊತೆ ಸೇರಿಸಿದವರು ಯಾರೆಂದು ಇಬ್ಬರಿಗೂ ಆಗಲೇ ತಿಳಿಯಿತು. ಇಬ್ಬರೂ ಮಾಲೀಕನ ಮುಂದೆ ಹೋಗಿ ನಿಂತರು. ಮಾಧವನ ಮುಖದಲ್ಲಿ ನಾಚಿಕೆಯ ಗೆರೆಯೂ ಇಲ್ಲ! ಹೆಂಗಸರ ಜಗಳ ಸಾರ್ ಎಂದು ನಕ್ಕ. ಅವನು ಮಿಲ್ಲಿಗೆ ಕರೆತಂದಿದ್ದ ಹೊಸ ವ್ಯಾಪಾರಿಗಳು ಕೈಬಿಟ್ಟಾರೆಂದು ಮಾಲೀಕ ತಲೆ ಕೆರೆದುಕೊಂಡ. ಇವರಿಬ್ಬರೂ ಹಿಂದಿರುಗಿ ಕಣದಲ್ಲಿ ಕೈಕಟ್ಟಿ ಕೂತರು. ಉಳಿದ ಹೆಂಗಸರೂ ಕೂತರು. ಹಸಿ ಸಬ್ಬಕ್ಕಿ ಬುಟ್ಟಿಯಲ್ಲೇ ಹುಳಿಯಾಗತೊಡಗಿತು. ವಾಸನೆ ಮೂಗಿಗೆ ಬಡಿದ ಮೇಲೆ ಪಳನಿಯಪ್ಪನ್‌ಗೆ ಬುದ್ಧಿ ಬಂತು. ಮಾಧವ ಸಂಜೆಯ ಬಸ್ಸು ಹಿಡಿದ.

ಮರುದಿನ ಊಟಕ್ಕೆ ಪಕ್ಕಪಕ್ಕ ಕೂತಾಗ ಪೂಂಗೊಡಿ ಕೇಳಿದಳು: "ನನ್ನ ಒಂದ್ ಮಾತು ಕೇಳ್ದೆ ಅವನ್ನ ಯಾಕಕ್ಕಾ ನಂಬ್ದೆ?"

"ನಮ್ಮ ಮಾತ್ನಾಗೆ ಏಳ್ದ ಕಣೇ. ನಮ್ಮೋನು ಅಂದ್ಕೊಂಡೆ. ನೀನ್ಯಾಕೆ ನಂಬ್ದೆ?"

ಪೂಂಗೊಡಿ ತಲೆ ತಗ್ಗಿಸಿದಳು. "ನಂಗೆ ತಮಿಳ್ನಾಗೆ ಏಳ್ದ."

ಮಾದಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹುರುಳಿ ಸಾರನ್ನೆಲ್ಲ ಅವಳ ತಟ್ಟೆಗೆ ಬಗ್ಗಿಸಿದಳು.