ಖುಬೂಸನಿಗೆ ಎರೆದ ಹಾಲು

ನಿಲ್ಲಿಸಿದ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಅಂಗೈ ಸುಡುವ ಆಗಸ್ಟ್ ತಿಂಗಳಿನಲ್ಲಿ, ಬಹರೈನಿನಂಥ ಊರಿನಲ್ಲಿ, ಒಂದು ಹಾವಿಗೆ ಕರೆಂಟಿನಿಂದ ಶಾಖ ಕೊಡಬೇಕೆಂಬುದನ್ನು ಪ್ರೇಮನಾಥರ ನ್ಯಾಯಬುದ್ಧಿ ಒಪ್ಪಲೇ ಇಲ್ಲ. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗುವ ಮೊದಲು ಅವರು ಕಾರ್ಕಳದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಚಾಕ್‌ಪೀಸು ಕೈಬಿಟ್ಟು ಹೋಗಿದ್ದರೂ ತೋರುಬೆರಳು ಎತ್ತುವ ಅಭ್ಯಾಸ ಹೋಗಿರಲಿಲ್ಲ. ಆ ಬೆರಳನ್ನೆತ್ತಿಯೇ ಅವರು ಮಗಳು ಕ್ಷಮಾಳನ್ನು ಪ್ರಶ್ನಿಸಿದ್ದರು: ಒಂದು ಯಂತ್ರ ಮನೆಯನ್ನು ತಣ್ಣಗೆ ಮಾಡುವುದು, ಇನ್ನೊಂದು ಅದೇ ಮನೆಯ ಮೂಲೆಯನ್ನು ಬಿಸಿ ಮಾಡುವುದು, ಇದು ಯಾವ ಸೀಮೆಯ ನ್ಯಾಯ?

"ಪಪ್ಪಾ, ಹೊರಗೆ ಡೆಸರ್ಟ್, ಒಳಗೆ ನಿಮ್ಮಿಂದಾಗಿ ಊಟಿ. ಖುಬೂಸ್ ಇರುವುದು ಒಳಗೆ ಅಲ್ವಾ?"

ಖುಬೂಸ್ ಎಂದರೆ ಅವಳು ಸಾಕಿದ ಮರಿ ಮಣ್ಣುಮುಕ್ಕ ಹಾವು. ಬಾಲವೂ ತಲೆಯಂತೆಯೇ ಮೊಂಡಾಗಿರುವುದರಿಂದ ಊರ ಕಡೆಯವರು ಇರುತಲೆ ಎನ್ನುವ ಜಾತಿಯದ್ದು. ಬೆರಳು ಗಾತ್ರ, ಅರಬರ ಖುಬೂಸ್ ರೊಟ್ಟಿಯ ಬೆಂದ ಬಣ್ಣ; ಹೆಸರೂ ಅದರದ್ದೇ. ಗಾಜಿನ ಪೆಟ್ಟಿಗೆಯಲ್ಲಿ ಮರದ ಹೊಟ್ಟಿನೊಳಗೆ ಹುದುಗಿರುವುದೇ ಅದರ ದಿನಚರಿ. ಪೆಟ್ಟಿಗೆಯ ಒಂದು ತುದಿಯ ಅಡಿಯಲ್ಲಿ ಕರೆಂಟಿನ ತೆಳು ಚಾಪೆ. ಚಳಿಯಾದರೆ ಹಾವು ಅತ್ತ, ಸೆಕೆಯಾದರೆ ಇತ್ತ. ಬಿಸಿ ಸಿಗದಿದ್ದರೆ ತಿಂದದ್ದು ಜೀರ್ಣವಾಗದು, ಮರಿ ಬದುಕದು ಎಂದು ಬೋಧಿಸಿ, ಕ್ಷಮಾ ರಜೆಗೆ ತಾಯಿ ಉಷಾಲತಾಳೊಡನೆ ಉಡುಪಿಗೆ ಹೊರಟಳು. ಹಮದ್ ಟೌನಿನ ಮನೆಯಲ್ಲಿ ಉಳಿದದ್ದು ಹಾವು ಮತ್ತು ತತ್ವ.

ತತ್ವವೇ ಗೆದ್ದಿತು. ಮನೆ ಬಿಡುವಾಗ ಪ್ರತಿಯೊಂದು ಸ್ವಿಚ್ಚನ್ನೂ ಆರಿಸುವುದು ಪ್ರೇಮನಾಥರ ವ್ರತ; ಚಾಪೆಯ ಸ್ವಿಚ್ಚು ಅದಕ್ಕೆ ಹೊರತಾಗಲಿಲ್ಲ. ಇಡೀ ಮನೆಯ ಸೆಂಟ್ರಲ್ ಎಸಿ ಮಾತ್ರ ಹದಿನೆಂಟು ಡಿಗ್ರಿಯಲ್ಲಿ ಓಡುತ್ತಲೇ ಇತ್ತು. ದಣಿದು ಬರುವ ಮನುಷ್ಯನಿಗೆ ಅದು ಭೋಗವಲ್ಲ, ಅಗತ್ಯ ಎಂದು ಅವರು ಹಿಂದೆಯೇ ತೀರ್ಮಾನಿಸಿದ್ದರು.

ನಾಗರಪಂಚಮಿಯ ಬೆಳಿಗ್ಗೆ ಇಣುಕಿದರೆ ಹಾವು ಹೊಟ್ಟಿನ ಮೇಲೆಯೇ ಬಿದ್ದಿತ್ತು; ಗಾಜು ತಟ್ಟಿದರೂ ಮಿಸುಕಲಿಲ್ಲ. ಪಕ್ಕದಲ್ಲಿ ಅದು ಕಕ್ಕಿದ್ದ ಇಲಿಮರಿ. ಪ್ರೇಮನಾಥರು ತಕ್ಷಣ ಚಾಪೆಯ ಸ್ವಿಚ್ಚು ಹಾಕಿದರು. ಅಷ್ಟಕ್ಕೇ ನಿಲ್ಲಬಹುದಾಗಿತ್ತು. ಆದರೆ ಅದೇ ಹೊತ್ತಿಗೆ ಉಷಾಲತಾ ಫೋನು ಮಾಡಿ, ನಾಗಬನದಲ್ಲಿ ಕಲ್ಲಿನ ನಾಗನಿಗೆ ಹಾಲಿನ ತನು ಎರೆದು ಬಂದೆವು ಎಂದಳು. ಕಲ್ಲಿಗೆ ಹಾಲು ಸುರಿಯುವ ಸಮಾಜಕ್ಕೆ ಕಣ್ಣು ಬರುವುದು ಯಾವಾಗ ಎಂದು ಕನ್ನಡ ಸಂಘದ ಸಂಚಿಕೆಯಲ್ಲಿ ಗುಡುಗಿದ್ದ ಮಹಾಶಯರು, ಫೋನಿಟ್ಟವರೇ ಫ್ರಿಜ್ಜಿನಿಂದ ಹಾಲು ತೆಗೆದರು. ಹೆದರಿ ಮುಚ್ಚಳವನ್ನು ಒಂದಿಷ್ಟೇ ಸರಿಸಿ, ಕಣ್ಣು ಮುಚ್ಚಿ, ದೂರದಿಂದಲೇ ಎರೆದರು. ಅರ್ಧ ಹಾವಿನ ಮೇಲೆ ಬಿತ್ತು. ಉಳಿದರ್ಧ ಗಾಜಿನ ಹೊರಮೈಯಲ್ಲಿ ಇಳಿದು ಚಾಪೆಯ ವಯರಿನ ಬುಡ ಸೇರಿತು. ಪಟ್ ಎಂದು ಮನೆಯ ಕರೆಂಟು ಹೋಯಿತು. ಫ್ಯೂಸು ಸರಿಪಡಿಸಿದ ಮೇಲೆ ಎಲ್ಲವೂ ಮರಳಿತು, ಚಾಪೆಯೊಂದನ್ನು ಬಿಟ್ಟು.

ಕ್ಷಮಾಳಿಗೆ ಚಾಪೆ ಕೆಟ್ಟಿತೆಂದು ಮಾತ್ರ ತಿಳಿಸಿದರು. ಅವಳ ಧ್ವನಿ ಸಣ್ಣದಾಯಿತು.

"ಎಸಿ ಆಫ್ ಮಾಡಿ ಪಪ್ಪಾ. ಟಿಶ್ಯೂ ಹಾಕಿ ಮಲಗಿಸಿ. ಅದು ಸತ್ತರೆ ನಾನು ಅಲ್ಲಿಗೆ ಬಂದು ಎಂತ ಮಾಡುವುದು?"

ಹೊಸ ಚಾಪೆ ಮರುದಿನವೇ ಸಿಗುವುದೆಂದು ಅಂಗಡಿಯವರು ಹೇಳಿದರು. ಪ್ರೇಮನಾಥರು ಎಸಿ ಆರಿಸಿ, ಹಾವನ್ನು ಒರೆಸಿ, ಟಿಶ್ಯೂವಿನಲ್ಲಿ ಮಲಗಿಸಿ, ಪೆಟ್ಟಿಗೆಯ ಮೇಲೊಂದು ಶಾಲು ಹೊದೆಸಿ, ಬನಿಯನ್ನಿನಲ್ಲಿ ಬೆವರುತ್ತ ಕುಳಿತರು. ಮರೆತದ್ದೆಂದರೆ, ಆ ಸಂಜೆ ಸಂಘದ ಸಭೆ ಅವರ ಮನೆಯಲ್ಲೇ ಇತ್ತು.

ಅಧ್ಯಕ್ಷ ಶ್ಯಾಮಸುಂದರ, ಬೆಂಗಳೂರಿನ ಇಂಜಿನಿಯರು, ನಾಲ್ವರೊಡನೆ ಒಳಬಂದು ಕಾವಿಗೆ ಹಿಂದೆ ಸರಿದ. ಪ್ರೇಮನಾಥರು ಅವಸರದಲ್ಲಿ ಅಂಗಿ ತೊಡುತ್ತಿದ್ದರು.

"ಸರ್, ಭಾಷಣ ಸ್ಪರ್ಧೆಗೆ ಸರಳ ಜೀವನ ಅಂತ ಟಾಪಿಕ್ ಕೊಟ್ರಿ, ಓಕೆ. ನೀವೇ ಎಸಿ ಬಿಟ್ಟು ಕೂತಿದೀರಲ್ಲ!"

ಉಳಿದವರು ತಲೆದೂಗಿದರು. ಸ್ಪರ್ಧೆಯ ತೀರ್ಪುಗಾರರೆಂದರೆ ಹೀಗಿರಬೇಕು ಎಂದೊಬ್ಬರು ಹೇಳಿದರು. ಪ್ರೇಮನಾಥರು ಅಲ್ಲವೆನ್ನಲಿಲ್ಲ, ಬೆವರೊರೆಸಿಕೊಳ್ಳುತ್ತ ಋಷಿಯಂತೆ ಮುಗುಳ್ನಕ್ಕರು. ಹುಳಿ ಹಾಲಿನ ವಾಸನೆಯೊಂದು ಋಷ್ಯಾಶ್ರಮಕ್ಕೆ ಒಪ್ಪುತ್ತಿರಲಿಲ್ಲ, ಅಷ್ಟೇ.

"ನಮ್ ಕೈಲಿ ಆಗಲ್ಲ ಸರ್, ಹತ್ತು ನಿಮಿಷ ಹಾಕ್ತೀನಿ," ಎಂದು ಶ್ಯಾಮಸುಂದರ ಗೋಡೆಯ ಗುಂಡಿಯತ್ತ ನಡೆದ.

ಪ್ರೇಮನಾಥರು ಶಾಲು ಹೊದೆದ ಪೆಟ್ಟಿಗೆಯನ್ನು ನೋಡಿದರು. ನಂತರ ತಮ್ಮ ಕೀರ್ತಿಯನ್ನೂ ಒಂದು ಗಳಿಗೆ ಒಳಗೊಳಗೇ ನೋಡಿಕೊಂಡರು. ಶ್ಯಾಮಸುಂದರನ ಬೆರಳು ಗುಂಡಿಯನ್ನು ಮುಟ್ಟಿತ್ತು.

"ಹಾಕಬೇಡಿ ಮಾರಾಯ್ರೇ. ಹಾವಿಗೆ ಚಳಿಯಾಗ್ತದೆ."

ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಾಯಿತು: ಸ್ವಿಚ್ಚು, ಹಾಲು, ಫ್ಯೂಸು. ಸಂಚಿಕೆಯ ಲೇಖನವನ್ನು ಯಾರೂ ನೆನಪಿಸಲಿಲ್ಲ. ಆ ಸೌಜನ್ಯ ಅವರನ್ನು ಇನ್ನಷ್ಟು ಬೇಯಿಸಿತು. ಶ್ಯಾಮಸುಂದರ ಶಾಲು ಸರಿಸಿ ಬಗ್ಗಿದ. ಟಿಶ್ಯೂವಿನಡಿಯಿಂದ ಒಂದು ಮೊಂಡು ತುದಿ ಹೊರಗೆ ಚಾಚಿತ್ತು.

"ಹಾಲು ಇಲ್ಲಿಗೇ ಹಾಕಿದ್ರಾ ಸರ್?"

"ಹೌದು. ತಲೆಗೆ."

"ಇದು ಬಾಲ ಸರ್."

ಅಷ್ಟರಲ್ಲಿ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಟಿಶ್ಯೂ ಮಿಸುಕಿತು. ಸಣ್ಣ ಕಣ್ಣಿನ ನಿಜವಾದ ತಲೆಯೊಂದು ಮೇಲೆದ್ದು, ನಾಲಗೆ ಚಾಚಿ, ಸೆಕೆಯ ರುಚಿ ನೋಡಿತು. ಪ್ರೇಮನಾಥರ ಕಣ್ಣು ತುಂಬಿತು. ಬೆವರಿನ ನಡುವೆ ಅದು ಯಾರಿಗೂ ತಿಳಿಯಲಿಲ್ಲ. ಅವರು ಕ್ಷಮಾಳಿಗೆ ಕಳಿಸಲು ಹಾವಿನ ಚಿತ್ರ ತೆಗೆದರು, ಜೊತೆಗೆ ಹಾಲಿನ ಸಂಗತಿಯನ್ನೂ ಬರೆದರು. ಆಮೇಲೆ, ಹದಿನೆಂಟರಲ್ಲಿ ಎಸಿ ಓಡಿಸುವುದು ಎಷ್ಟು ದೊಡ್ಡ ಅನ್ಯಾಯವೆಂದು ಸಭೆಗೆ ವಿವರಿಸಲು ಬೆರಳೆತ್ತಿದರು.

ಸಭೆ ಆಗಲೇ ಮೆಟ್ಟಿಲಿಳಿದು ಕಾರುಗಳಲ್ಲಿ ಎಸಿ ಹಾಕಿಕೊಂಡು ಕುಳಿತಿತ್ತು.