ಮೂರನೆಯ ಅರ್ಥ

ಹಗರಿಬೊಮ್ಮನಹಳ್ಳಿಯ ಆ ಮನೆಗೆ ‘ಅಡ್ಜಸ್ಟ್’ ಎಂಬ ಮಾತನ್ನು ತಂದವನು ಸೋದರಮಾವ ಶಿವಯೋಗಪ್ಪ. ಕಚೇರಿಯ ಗುಮಾಸ್ತ, ಬಾಯಲ್ಲಿ ಎಲೆಅಡಿಕೆಯ ಜೊತೆ ಒಂದೆರಡು ಇಂಗ್ಲಿಷ್ ಮಾತೂ ಸದಾ ಇರುತ್ತಿದ್ದವು. ಹರಪನಹಳ್ಳಿಯ ಗಂಡನ ಮನೆ ಬಿಟ್ಟು ಹಿರಿಯ ಮಗಳು ಕೆಂಚಕ್ಕ ಒಬ್ಬಳೇ ಬಸ್ಸಿಳಿದು ಬಂದ ದಿನ, ಅಡ್ಜಸ್ಟ್ ಮಾಡಿಕೊಳ್ಳಬೇಕು ಅಂದುಬಿಟ್ಟ. ವಾರದೊಳಗೆ ಆ ಮಾತು ಅವ್ವನ ನಾಲಿಗೆಗೂ ಹತ್ತಿತು. ಅಪ್ಪ ಬೆನಕಪ್ಪ ಹೊಂದಿಕೊಂಡು ಹೋಗು ಎಂದ. ಪಕ್ಕದ ಮನೆಯ ಮಾರೆಮ್ಮ ತಾಳಿಕೋ ಎಂದಳು.

ಏಳನೆಯ ತರಗತಿಗೇ ಶಾಲೆ ಬಿಟ್ಟ ತಂಗಿ ಎರ್ರಮ್ಮ ಯಾರ ಮುಂದೆಯೂ ಬಾಯಿ ಬಿಡುವವಳಲ್ಲ. ಟ್ರಂಕಿನ ತಳದಲ್ಲಿದ್ದ ಹಳೆಯ ಡಿಕ್ಷನರಿ ತೆಗೆದು ನೋಡಿದಳು. ಮೂರು ಅರ್ಥಗಳಿದ್ದವು: ಸರಿಪಡಿಸು, ಹೊಂದಿಸು, ಹೊಂದಿಕೊಳ್ಳು. ಮೊದಲಿನ ಎರಡನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ಮೂರನೆಯದು ಅಕ್ಕನೊಬ್ಬಳ ಪಾಲಿಗೆ ಬಂದಿತ್ತು.

ಸೋಮವಾರ ಹಿರಿಯರು ಕೂಡುವುದು, ಅವರು ಹೂಂ ಎಂದರೆ ಕೆಂಚಕ್ಕನನ್ನು ಅಂದೇ ಗಂಡನ ಮನೆಗೆ ಕಳಿಸುವುದು ಎಂದಾಯಿತು. ಅವಳಿಗೆ ಹೊಸ ರವಿಕೆ ಹೊಲಿಯುವ ಕೆಲಸ ಎರ್ರಮ್ಮನದು. ಅಳತೆ ತೆಗೆಯುವಾಗ ಬಲತೋಳಿನ ಮೇಲೆ ನಾಲ್ಕು ಬರೆ ಕಂಡವು. ಒಂದಿನ್ನೂ ಮಾಯ್ದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಬೇರೆ ಕಡೆ ನೋಡುತ್ತ ಹೇಳಿದಳು: “ತೋಳು ಮೊಣಕೈತನ ಇಡವ್ವಾ. ಮಂದಿ ಬರ್ತಾರ.”

ಹಾಗಾದರೆ ಅವ್ವನಿಗೆ ಗೊತ್ತಿತ್ತು.

ಎರ್ರಮ್ಮ ಉದ್ದಕ್ಕೇ ಕತ್ತರಿಸಿದ ರವಿಕೆಯ ತೋಳನ್ನು ನಾಲ್ಕು ಬೆರಳಷ್ಟು ಒಳಕ್ಕೆ ಮಡಚಿ ಹೊಲಿದಳು. ಹಿರಿಯರು ಕಣ್ಣಾರೆ ನೋಡಲಿ; ನೋಡಿದ ಮೇಲೆ ಹೋಗು ಅನ್ನಲಾರರು ಎಂದುಕೊಂಡಳು.

ಸೋಮವಾರ ಪಡಸಾಲೆಯಲ್ಲಿ ಐದು ಜನ ಕೂತರು. ಕೆಂಚಕ್ಕ ಚಹಾ ತಂದಳು. ಕಪ್ಪು ನೀಡಲು ಕೈ ಚಾಚಿದಾಗ ಬರೆಗಳು ಬೆಳಕಿಗೆ ಬಂದವು. ಎಲ್ಲರೂ ನೋಡಿದರು. ಕಂಬದ ಮರೆಯಿಂದ ಎರ್ರಮ್ಮ ಒಬ್ಬೊಬ್ಬರ ಮುಖವನ್ನೇ ಗಮನಿಸಿದಳು.

ಶಿವಯೋಗಪ್ಪ ಕಪ್ಪಿನಡಿಯ ಬಸಿಗೆ ಚಹಾ ಸುರಿದುಕೊಂಡ. “ಸೆರಗು ಹೊದ್ಕೊಳ್ಳವ್ವಾ,” ಅಂದ, ಬಹಳ ಮೆತ್ತಗೆ.

ಆಮೇಲೆ ಮಾತು ಮಳೆ, ಶೇಂಗಾದ ಕಡೆ ತಿರುಗಿತು. ಕಳಿಸುವ ವಿಚಾರ ಯಾರೂ ಮತ್ತೆ ಎತ್ತಲಿಲ್ಲ, ಹೋಗುವುದೆಂದೇ ತೀರ್ಮಾನವಾಗಿಹೋಗಿತ್ತು. ಅವ್ವ ಅಕ್ಕನ ಉಡಿ ತುಂಬಲು ಅಕ್ಕಿ, ಕೊಬ್ಬರಿ ತೆಗೆದಿಟ್ಟಳು.

ಒಳಮನೆಯಲ್ಲಿ ಕೆಂಚಕ್ಕ ರವಿಕೆ ಬಿಚ್ಚಿ ತಂಗಿಯ ಕೈಗಿಟ್ಟಳು. “ಬಟ್ಟಿ ಒಳಗ ಮಡಚೀದಿ, ನನಗ ತಿಳದೈತಿ. ಇಳಿಸಿ ಕೊಡು ತಂಗೀ. ಬಸ್ಸಿನಾಗೂ ಮಂದಿ ಇರ್ತಾರ.”

ಎರ್ರಮ್ಮ ಹೊಲಿಗೆ ಬಿಚ್ಚಿದಳು. ತೋಳು ಮೊಣಕೈವರೆಗೆ ಇಳಿಯಿತು. ಉಗುರಿನಿಂದ ಎಷ್ಟು ತಿಕ್ಕಿದರೂ ಮಡಿಕೆಯ ಗೆರೆ ಹೋಗಲಿಲ್ಲ. ನಾಲ್ಕರ ಬಸ್ಸಿಗೆ ಹೊತ್ತಾಗುತ್ತಿತ್ತು. ಅಕ್ಕ ಅದನ್ನು ಹಾಗೆಯೇ ತೊಟ್ಟುಕೊಂಡು ಹೊರಟಳು.