ಮಿನೋಸೆಯ ಹೆಗಲಪಟ್ಟಿ

ಗಂಡನ ಶವಪೆಟ್ಟಿಗೆಯೊಳಗೆ ಸುಗಿಯೆ ಅವನ ಕನ್ನಡಕ ಇಟ್ಟಳು, ತೋಟದ ಕಿತ್ತಳೆ ಇಟ್ಟಳು, ಆಮೇಲೆ ಗೋಡೆಯ ಮೊಳೆಯಿಂದ ಕೆಂಪು ಹೆಗಲಪಟ್ಟಿಯನ್ನು ಇಳಿಸಿ ಅವನ ಎದೆಯ ಮೇಲೆ ಅಡ್ಡಲಾಗಿ ಹಾಸಿದಳು. ಕನ್ನಡಕ, ಕಿತ್ತಳೆ ಅವನವು. ಹೆಗಲಪಟ್ಟಿ ಊರಿನದು.

ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮದುವೆಯಾಗಿ ಬಂದ ದಿನದಿಂದ ಅದು ನೇತಾಡುತ್ತಿದ್ದದ್ದು ಅವಳ ಮನೆಯ ಗೋಡೆಯಲ್ಲೇ. ಪ್ರತಿ ಫೆಬ್ರವರಿಯಲ್ಲಿ ಸುತ್ತಲ ಹಳ್ಳಿಗಳ ನಡುವೆ ಸರದಿ ಓಟ ನಡೆಯುತ್ತದೆ. ಒಬ್ಬ ಓಡಿ ಬಂದು ಪಟ್ಟಿಯನ್ನು ಮುಂದಿನವನ ಹೆಗಲಿಗೆ ದಾಟಿಸಬೇಕು. ಮೂರನೆಯವನಿಗೆ ಗುಡ್ಡ ಹತ್ತಿ ಇಳಿಯುವ ಕೆಲಸ. ಅದನ್ನು ಓಡಿದವನ ಮನೆಯಲ್ಲೇ ವರ್ಷವಿಡೀ ಪಟ್ಟಿ ಇರಬೇಕೆಂಬುದು ಅವರ ಊರು ಮಿನೋಸೆಯ ಪದ್ಧತಿ. ತಲೆಗೂದಲು ಕಪ್ಪಗಿದ್ದಾಗಿನಿಂದ ಹಣ್ಣಾಗುವವರೆಗೆ ಆ ಗುಡ್ಡ ಓಡಿದವನು ಅವಳ ಗಂಡ ತೊಕುಜಿ. ಅಷ್ಟು ವರ್ಷ ಗಂಡನ ಬೆವರು ನಾರಿದ ಬಟ್ಟೆಯನ್ನು ಯಾವ ಹೆಂಡತಿ ಊರಿನದು ಎಂದುಕೊಳ್ಳುತ್ತಾಳೆ?

ಚಿತಾಗಾರದಲ್ಲಿ ಅಸ್ಥಿ ಆರಿಸುವಾಗ ಇಬ್ಬರು ತಮ್ಮ ತಮ್ಮ ಕಡ್ಡಿಗಳಿಂದ ಒಂದೇ ಮೂಳೆಯನ್ನು ಎತ್ತಬೇಕು. ಸುಗಿಯೆಯ ಎದುರು ನಿಂತವನು ಗೆಂಪಾಚಿ, ತೊಕುಜಿಯ ಬಾಲ್ಯದ ಗೆಳೆಯ, ಓಟದಲ್ಲಿ ಅವನಿಂದ ಪಟ್ಟಿ ಪಡೆಯುತ್ತಿದ್ದ ನಾಲ್ಕನೆಯವನು. ಎದೆಗೂಡಿನ ಚೂರೊಂದನ್ನು ಎತ್ತುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಅಜ್ಜಂದಿರ ಕಾಲದಿಂದ ಹೆಗಲಿಂದ ಹೆಗಲಿಗೆ ಬಂದದ್ದನ್ನು ತಾನು ಸುಟ್ಟುಬಿಟ್ಟಿದ್ದಳು. ಅವಳ ಕಡ್ಡಿ ಜಾರಿತು. ಗೆಂಪಾಚಿ ಅವಳ ಮುಖ ನೋಡಿದ, ಮೂಳೆ ಬೀಳದಂತೆ ಹಿಡಿದ, ಒಂದು ಮಾತೂ ಆಡಲಿಲ್ಲ.

ಊರೂ ಆಡಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಮಿನೋಸೆಯ ಜನ ಎಂದಿನಂತೆ ಬಾಗಿ ನಮಸ್ಕರಿಸಿ, ಮೂಲಂಗಿ ಉಪ್ಪಿನಕಾಯಿ ತಂದುಕೊಟ್ಟು, ಗೋಡೆಯ ಬರಿಯ ಮೊಳೆಯತ್ತ ಕಣ್ಣೆತ್ತದೆ ಹೋದರು. ಆ ಒಳ್ಳೆಯತನ ಅವಳನ್ನು ಕೊಂದಿತು.

ಕಿತ್ತಳೆ ಬಣ್ಣ ತಿರುಗುವ ಹೊತ್ತಿಗೆ ಊರ ಮನೆಯಲ್ಲಿ ಸಭೆ ಸೇರಿತು. ಅಂಚೆ ಹಂಚುವ ಫುಸಾಯೆ ಹೊಸ ಪಟ್ಟಿಯೊಂದನ್ನು ಹೊಲಿದು ತಂದಿದ್ದಳು. ಗಂಜಿ ಹಾಕಿದ ಬಟ್ಟೆಯಂತೆ ಅದು ಸೆಟೆದು ನಿಂತಿತ್ತು.

"ಪಟ್ಟಿ ಏನೋ ಆಯ್ತು, ಗುಡ್ಡ ಯಾರು ಓಡ್ತಾರೆ?" ಎಂದಳು ಫುಸಾಯೆ. "ನಾನು ಎರಡನೇದು ಓಡ್ತೀನಿ. ಮೂರನೇದಕ್ಕೆ ಜನ ಇಲ್ಲ. ಈ ಸಲ ಬಿಟ್ಟುಬಿಡೋಣ್ವಾ?"

"ನಾನು ಓಡ್ತೀನಿ," ಎಂದಳು ಮೂಲೆಯಲ್ಲಿ ಚಹಾ ಬಗ್ಗಿಸುತ್ತಿದ್ದ ಸುಗಿಯೆ.

ಗೆಂಪಾಚಿ ಬಟ್ಟಲು ಕೆಳಗಿಟ್ಟ. "ನೀನಾ? ಕಿತ್ತಳೆ ಕದಿಯೋ ಕೋತೀನೂ ನಡ್ಕೊಂಡೇ ಓಡ್ಸೋಳು ನೀನು!"

ಎಲ್ಲರೂ ನಕ್ಕರು. ಅವಳು ನಗಲಿಲ್ಲವೆಂದು ಕಂಡ ಮೇಲೆ ನಗು ತಾನಾಗಿ ನಿಂತಿತು.

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಸುಗಿಯೆಗೆ ಅರವತ್ತಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು. ಹುಟ್ಟಿದಾಗಿನಿಂದ ಗುಡ್ಡದ ತೋಟ ಹತ್ತಿ ಇಳಿದ ಕಾಲು ತನ್ನದು, ಓಡುವುದೇನು ಮಹಾ ಎಂದುಕೊಂಡಿದ್ದಳು. ಮೊದಲ ಬೆಳಿಗ್ಗೆ ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ಓಡಿ ಅದನ್ನೇ ತಬ್ಬಿ ನಿಂತಳು. ಎದೆ ಒಡೆದುಹೋಗುವಂತಿತ್ತು, ಪಕ್ಕೆಯಲ್ಲಿ ಸೂಜಿ ಚುಚ್ಚಿದಂತಿತ್ತು. ಯಾರಾದರೂ ಕಂಡರೆ ಅವಸರದ ಕೆಲಸಕ್ಕೆ ಹೊರಟಂತಿರಲಿ ಎಂದು ಬೆನ್ನಿಗೆ ಖಾಲಿ ಬುಟ್ಟಿ ಬೇರೆ ಕಟ್ಟಿಕೊಂಡಿದ್ದಳು.

ಅಂಚೆಯ ಫುಸಾಯೆಯ ಕಣ್ಣು ತಪ್ಪಿಸುವುದುಂಟೇ? ಅವಳು ಸ್ಕೂಟರ್ ನಿಲ್ಲಿಸಿದಳು.

"ಸುಗಿಯೆಕ್ಕ, ಬುಟ್ಟೀಲಿ ಏನು, ಮರ್ಯಾದೇನಾ? ಇಳಿಸಿ ಓಡು."

"ಉಸಿರೇ ಸಿಗ್ತಿಲ್ಲ ಕಣೇ."

"ಯಾರೋ ಅಟ್ಟಿಸ್ಕೊಂಡು ಬಂದಂಗೆ ಓಡಿದ್ರೆ ಎಲ್ಲಿ ಸಿಗುತ್ತೆ? ಮಾತಾಡ್ತಾ ಓಡೋಕಾಗೋ ಅಷ್ಟು ನಿಧಾನ ಹೋಗು. ಸುಸ್ತಾದ್ರೆ ನಡಿ. ಮತ್ತೆ ಓಡು."

"ಯಾರ ಹತ್ರ ಮಾತಾಡ್ಲಿ?"

ಫುಸಾಯೆ ಸ್ಕೂಟರ್ ಚಾಲೂ ಮಾಡಿದಳು.

ಸುಗಿಯೆ ತೊಕುಜಿಯ ಹತ್ತಿರ ಮಾತಾಡಿದಳು. ಹುರುಳಿಲ್ಲದ ಮಾತು: ಕಾಡುಹಂದಿ ಬೇಲಿ ಮುರಿದದ್ದು, ಅನ್ನ ಸೀದುಹೋದದ್ದು. ಇಷ್ಟು ವರ್ಷ ಮುಂಜಾನೆ ಅವನು ಓಡಿ ಬರುವಷ್ಟರಲ್ಲಿ ಇವಳು ಮಿಸೋ ಸಾರು ಕುದಿಸಿ, ಆರಿಹೋಗುತ್ತೆ ಎಂದು ಗೊಣಗುತ್ತಿದ್ದಳು. ಗುಡ್ಡದ ತಿರುವಿನಲ್ಲಿ ಓಡಿ ಬಂದವರಿಗೆ ಕಡಲು ಹೀಗೆ ಒಮ್ಮೆಗೇ ತೆರೆದುಕೊಳ್ಳುತ್ತದೆಂದು ಅವನು ಹೇಳಿರಲಿಲ್ಲ. ಕೇಳಿದವಳಾದರೂ ಯಾರು? ಅಲ್ಲಿ ನಿಂತು ಅವಳು ಗಂಡನನ್ನು ತುಂಬ ನೆನೆದಳು. ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಹೊಸ ವರ್ಷದ ಅಕ್ಕಿಕಡುಬು ತಿನ್ನುವ ಹೊತ್ತಿಗೆ, ನಡುನಡುವೆ ನಡೆದಾದರೂ, ಗುಡ್ಡ ದಾಟಿ, ನಾಲ್ಕನೆಯವನು ಪಟ್ಟಿಗೆ ಕಾಯುವ ಹಳೆಯ ಧಕ್ಕೆ ಮುಟ್ಟುತ್ತಿದ್ದಳು.

ಆದರೆ ದಾಟಿದರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ದಾಟಬೇಕು. ರಸ್ತೆಯನ್ನು ಬಹಳ ಹೊತ್ತು ಮುಚ್ಚಿಡುವಂತಿಲ್ಲ. ಪಟ್ಟಿ ಬಾರದೆ ಉಳಿದವರ ಹೆಗಲಿಗೆ ಬಿಳಿ ಪಟ್ಟಿ ಹಾಕಿ, ಪಿಸ್ತೂಲು ಹಾರಿಸಿ, ಒಟ್ಟಿಗೇ ಓಡಿಸಿಬಿಡುತ್ತಾರೆ. ಆಗ ಆ ಊರಿನ ಪಟ್ಟಿ ತುಂಡಾಯಿತೆಂದೇ ಲೆಕ್ಕ. ಮಿನೋಸೆ ಎಂದೂ ಬಿಳಿ ತೊಟ್ಟಿರಲಿಲ್ಲ. ಒಮ್ಮೆ ಸುಟ್ಟವಳು ಈಗ ತುಂಡು ಮಾಡಿದಳು ಅನ್ನಿಸಿಕೊಳ್ಳಬಾರದೆಂಬುದೊಂದೇ ಸುಗಿಯೆಯ ಹಂಬಲ.

ಓಟದ ದಿನ ಎದುರುಗಾಳಿ. ಫುಸಾಯೆ ಏದುಸಿರು ಬಿಡುತ್ತ ಬಂದು ಪಟ್ಟಿ ಕೊಟ್ಟಳು. "ಮಾತಾಡ್ತಾ ಹೋಗು!" ಎಂದು ಕೂಗಿದಳು. ಸುಗಿಯೆ ಕೇಳಲಿಲ್ಲ. ಚಪ್ಪಾಳೆ ತಟ್ಟುವ ಜನರ ಮುಂದೆ ನಿಧಾನ ಹೋಗಲು ನಾಚಿಕೆಯಾಗಿ ರಭಸದಿಂದ ಓಡಿದಳು. ಗುಡ್ಡದ ಅರ್ಧದಲ್ಲೇ ಕಾಲು ಕಲ್ಲಾದವು. ಮೊದಲ ಬೆಳಿಗ್ಗೆಯಂತೆ ಮತ್ತೆ ಕಂಬ ಹಿಡಿದು ನಿಂತಳು, ನಡೆದಳು, ಓಡಿದಳು, ಮತ್ತೆ ನಡೆದಳು. ಬೇರೆ ಊರುಗಳ ಓಟಗಾರರು ಒಬ್ಬೊಬ್ಬರೇ ಅವಳನ್ನು ದಾಟಿಹೋದರು.

ಕಡಲು ಕಾಣುವ ತಿರುವಿಗೆ ಬಂದಾಗ ಕೆಳಗೆ ಧಕ್ಕೆಯಲ್ಲಿ ಪಿಸ್ತೂಲಿನ ಸದ್ದಾಯಿತು. ಬಿಳಿ ಪಟ್ಟಿಯ ಕೆಲವರು ಹೊರಟರು. ಅವರಲ್ಲಿ ಹೆಗಲು ಓರೆ ಮಾಡಿ ಓಡುವವನು ಗೆಂಪಾಚಿ, ದೂರದಿಂದಲೂ ಗುರುತು ಸಿಗುತ್ತಿತ್ತು.

ಸುಗಿಯೆ ಜೋರಾಗಿ ಅತ್ತಳು. ಅಳುತ್ತಲೇ ಇಳಿಜಾರು ಓಡಿದಳು, ಪಟ್ಟಿಯನ್ನು ನಡುರಸ್ತೆಯಲ್ಲಿ ಬಿಟ್ಟುಹೋಗುವಂತಿರಲಿಲ್ಲವಲ್ಲ. ಧಕ್ಕೆಯ ಗೆರೆ ಮುಟ್ಟಿದಾಗ ಕೈ ಚಾಚಲು ಯಾರೂ ಇರಲಿಲ್ಲ. ತೊಕುಜಿ ಮಾಡುತ್ತಿದ್ದಂತೆ, ಓಡಿ ಬಂದ ರಸ್ತೆಯತ್ತ ತಿರುಗಿ ತಲೆಬಾಗಿದಳು. ಆಮೇಲೆ ಧಕ್ಕೆಯ ಕಲ್ಲಿನ ಮೇಲೆ ಕುಸಿದಳು.

ಬಹಳ ಹೊತ್ತಿನ ಮೇಲೆ ಗೆಂಪಾಚಿ ಕುಂಟುತ್ತ ವಾಪಸು ನಡೆದು ಬಂದ. ಬಿಳಿ ಪಟ್ಟಿ ಮುಷ್ಟಿಯಲ್ಲಿ ಮುದುಡಿತ್ತು.

"ತಪ್ಪಾಯ್ತು ಗೆಂಪಾಚಿಯಣ್ಣ. ಮೊದ್ಲು ಸುಟ್ಟೆ, ಈಗ ತುಂಡು ಮಾಡ್ದೆ."

ಅವನು ಅವಳ ಹೆಗಲಿಂದ ಪಟ್ಟಿ ತೆಗೆದು ಅಮುಕಿದ. ಬೆವರು ತೊಟ್ಟಿಕ್ಕಿತು. "ತೊಕುಜೀದೂ ಹಿಂಗೇ ಇರ್ತಿತ್ತು. ಬೆನ್ನೆಲ್ಲ ಒದ್ದೆ ಆಗೋದು. ಬೈಕೊಂಡೇ ಓಡ್ತಿದ್ದೆ." ಪಟ್ಟಿಯ ಸುಕ್ಕು ಬಿಡಿಸುತ್ತ ಅಂದ: "ಪೆಟ್ಟಿಗೆ ಮುಚ್ಚೋವಾಗ ನಾನು ನೋಡ್ದೆ."

"ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಬಾಯಿ ತೆಗ್ದೆ. ಅವನ ಎದೆ ಮೇಲೆ ಅದು ಎಷ್ಟು ಸರಿಯಾಗಿ ಕೂತಿತ್ತು ಅಂದ್ರೆ... ಬರೀ ಎದೇಲಿ ಕಳ್ಸೋಕೆ ಮನಸ್ಸು ಬರ್ಲಿಲ್ಲ. ಊರಿಗೆ ಹೇಳೋ ಧೈರ್ಯಾನೂ ಬರ್ಲಿಲ್ಲ. ನಿನ್ನೊಬ್ಬಳ ತಲೆಗೇ ಬಿಟ್ಟೆ. ಕ್ಷಮಿಸು."

ವರ್ಷವಿಡೀ ಅವನ ಮೌನವನ್ನು ಸಿಟ್ಟೆಂದುಕೊಂಡಿದ್ದಳು ಸುಗಿಯೆ.

ಗೆಂಪಾಚಿ ಪಟ್ಟಿಯನ್ನು ಅವಳ ಕೈಗೆ ತುರುಕಿ, ಗೆರೆಯ ಮೇಲೆ ಹೋಗಿ ನಿಂತು ಕೈ ಹಿಂದಕ್ಕೆ ಚಾಚಿದ. "ಎದ್ದೇಳು. ಕೊಡೋದನ್ನ ಸರಿಯಾಗಿ ಕೊಡು."

ಅವಳು ಎದ್ದು ಕೊಟ್ಟಳು. ಒದ್ದೆ ಪಟ್ಟಿ ಹೆಗಲಿಗೇರಿಸಿ ಆ ಮುದುಕ ಖಾಲಿ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಓಡಿದ, ನಿಂತ, ತಿರುಗಿ ಬಂದ.

"ಥೂ, ತಣ್ಣಗಿದೆ," ಎಂದು ಬೈಯುತ್ತ ಅದನ್ನು ಮರಳಿ ಅವಳ ಕೊರಳಿಗೆ ಹಾಕಿದ. "ಮನೇಗೆ ತಗೊಂಡ್ಹೋಗು. ಮೊಳೆ ಇದ್ಯಲ್ಲ. ಒಗೀಬೇಡ."

ಆ ಸಂಜೆ ಸುಗಿಯೆ ಪಟ್ಟಿಯನ್ನು ಮೊಳೆಗೆ ಹಾಕಿದಳು. ತುದಿಯಿಂದ ಚಾಪೆಯ ಮೇಲೆ ಇನ್ನೂ ಒಂದೊಂದೇ ಬೆವರ ಹನಿ ಬೀಳುತ್ತಿತ್ತು. ಒರೆಸುವ ಬಟ್ಟೆ ಹುಡುಕಲು ಎದ್ದವಳು ಹಾಗೇ ಕುಳಿತಳು. ಬೀಳಲಿ ಎಂದುಕೊಂಡಳು.